‘ಕಂಟ್ರಿ’ಯ ಅರ್ಥಗಳು, ‘ಗಡಿನಾಡಿ’ನ ಓದು

ರೇಮಂಡ್ ವಿಲಿಯಮ್ಸ್ ಅವರ ಮೊದಲ ಕಾದಂಬರಿ ‘ಬಾರ್ಡರ್ ಕಂಟ್ರಿ’ ಪ್ರಕಟವಾದದ್ದು 1960ರಲ್ಲಿ. ಈ ಶೀರ್ಷಿಕೆ ಕನ್ನಡದ ಓದುಗನಿಂದ ಅನುವಾದದ ಶ್ರಮವನ್ನೇ ಕೇಳುವುದಿಲ್ಲವೆಂದು ಮೊದಲ ನೋಟಕ್ಕೆ ತೋರುತ್ತದೆ. ‘ಗಡಿನಾಡು’ ಎಂಬ ಪದ ಸಿದ್ಧವಾಗಿಯೇ ಇದೆ. ಕಾಸರಗೋಡಿನಿಂದ ಜತ್ತದವರೆಗೆ ಅದು ಬಳಕೆಯ ಮಾತು. ಇಷ್ಟು ಸಲೀಸಾಗಿ ಕೈಗೆ ಸಿಗುವ ಸಮಾನಪದವನ್ನು ತೌಲನಿಕ ಅಧ್ಯಯನ ತುಸು ಅನುಮಾನದಿಂದಲೇ ನೋಡಬೇಕಾಗುತ್ತದೆ. ‘ಕಂಟ್ರಿ’ ಮತ್ತು ‘ನಾಡು’ ಎರಡೂ ಬಹುಳಾರ್ಥದ ಪದಗಳು, ಅರ್ಥಗಳ ಹರವಿನಲ್ಲಿಯೂ ಒಂದನ್ನೊಂದು ಹೋಲುತ್ತವೆ. ಹೋಲಿಕೆ ಬಿರುಕು ಬಿಡುವುದು ಅವು ‘ಗಡಿ’ಯೊಡನೆ ಸಮಾಸಗೊಂಡಾಗ.

‘ಕಂಟ್ರಿ’ಯ ಬೇರು ಲ್ಯಾಟಿನ್ನಿನ ‘ಕಾಂಟ್ರಾ’, ಎಂದರೆ ಎದುರು. ನೋಡುವವನ ಕಣ್ಣೆದುರಿಗೆ ಹರಡಿಕೊಂಡ ನೆಲ ಎಂಬಲ್ಲಿಂದ ಹೊರಟ ಪದ ಒಂದು ಪ್ರದೇಶವನ್ನು, ಹುಟ್ಟಿದ ನೆಲವನ್ನು, ರಾಷ್ಟ್ರವನ್ನು, ಕೊನೆಗೆ ಆ ರಾಷ್ಟ್ರದ ಜನರನ್ನೂ ಸೂಚಿಸತೊಡಗಿತು. ಹದಿನಾರನೆಯ ಶತಮಾನದಿಂದೀಚೆಗೆ ಲಂಡನ್ ಬೆಳೆದಂತೆ, ನಗರಕ್ಕೆ ಎದುರಾದ ಹಳ್ಳಿಗಾಡು ಎಂಬ ಅರ್ಥ ಬಲಿಯಿತು. ಸಾರ್ವತ್ರಿಕ ಚುನಾವಣೆಯನ್ನು ಘೋಷಿಸುವ ಬ್ರಿಟನ್ನಿನ ಪ್ರಧಾನಿ ‘ಕಂಟ್ರಿ’ಯ ಬಳಿಗೆ ಹೋಗುತ್ತಾನೆ, ವಾರಾಂತ್ಯದ ವಿಶ್ರಾಂತಿಗೆ ಅವನು ಹೋಗುವುದೂ ‘ಕಂಟ್ರಿ’ಗೇ. ಇಡೀ ರಾಷ್ಟ್ರಕ್ಕೂ ಅದರ ಒಂದು ಭಾಗಕ್ಕೂ ಒಂದೇ ಹೆಸರಿರುವ ಈ ಸಂಗತಿಯನ್ನು ವಿಲಿಯಮ್ಸ್ ‘ದ ಕಂಟ್ರಿ ಅಂಡ್ ದ ಸಿಟಿ’ (1973) ಗ್ರಂಥದ ಆರಂಭದಲ್ಲಿಯೇ ಎತ್ತಿಕೊಳ್ಳುತ್ತಾರೆ. ಮುಂದೆ ‘ಕೀವರ್ಡ್ಸ್’ (1976) ಕೃತಿಯಲ್ಲಿ ಅದಕ್ಕೊಂದು ಪ್ರತ್ಯೇಕ ನಮೂದನ್ನೇ ಕೊಡುತ್ತಾರೆ. ಹಳ್ಳಿಯನ್ನು ಹಾಡಿ ಹೊಗಳಿದ ಇಂಗ್ಲಿಷ್ ಕಾವ್ಯ ಆ ಹಳ್ಳಿಯಲ್ಲಿ ದುಡಿದವರನ್ನು ಮರೆಸಿದ್ದು ಹೇಗೆಂಬುದು ಅವರ ವಿಮರ್ಶೆಯ ಕೇಂದ್ರ. ಇಂಗ್ಲೆಂಡಿನ ನಗರಕ್ಕೆ ಸಾಮ್ರಾಜ್ಯದ ವಸಾಹತುಗಳೆಲ್ಲ ‘ಕಂಟ್ರಿ’ಯಾದವೆಂಬ ಮಾತಿಗೂ ಅವರು ಬರುತ್ತಾರೆ.

ಆ ಮಾತಿಗೆ ಸಾಕ್ಷಿ ನುಡಿಯುವ ನಿಘಂಟು ಅದಾಗಲೇ ಇತ್ತು. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ ‘ಹಾಬ್ಸನ್-ಜಾಬ್ಸನ್’ (1886) ‘ಕಂಟ್ರಿ’ಯನ್ನು ಆಂಗ್ಲೋ-ಇಂಡಿಯನ್ ವಿಶೇಷಣವಾಗಿ ದಾಖಲಿಸುತ್ತದೆ: ಯುರೋಪಿನಿಂದ ಬಂದುದಲ್ಲದ, ಇಲ್ಲಿಯದೇ ಆದ, ಆದ್ದರಿಂದ ತುಸು ಕೀಳಾದ ವಸ್ತು. ಬರ್ನೆಲ್ ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದು ತುಳುನಾಡಿನ ಭೂತಾರಾಧನೆಯನ್ನು ಅಭ್ಯಾಸ ಮಾಡಿದವರು ಎಂಬುದು ಇಲ್ಲಿ ಅಪ್ರಸ್ತುತವಲ್ಲ. ಅದೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅಲ್ಲಿಂದಾಚೆಗೆ ಕುಂಬಾರ ತಿಗರಿಯಲ್ಲಿ ತಿರುಗಿಸಿ ಸುಟ್ಟ ಹೆಂಚು ‘ನಾಡಹೆಂಚು’; ಅದೇ ಸೀಮೆಯ ಜೇಡಿಯಿಂದ ಕಾರ್ಖಾನೆಯಲ್ಲಿ ಒತ್ತಿ ತೆಗೆದದ್ದು ‘ಮಂಗಳೂರು ಹೆಂಚು’. ಎರಡೂ ಒಂದೇ ನೆಲದವು, ‘ನಾಡ’ದ್ದು ಮಾತ್ರ ಒಂದು. ನಾಡಬಂದೂಕು, ನಾಟಿ ಕೋಳಿ, ನಾಟಿ ಔಷಧಗಳಲ್ಲಿಯೂ ಈ ಅರ್ಥದ ಛಾಯೆಯೇ ಇದೆ. ಕೋಳಿಯ ವಿಷಯದಲ್ಲಿ ಮಾತ್ರ ಇತ್ತೀಚೆಗೆ ಬೆಲೆಯ ಲೆಕ್ಕ ತಿರುಗುಮುರುಗಾಗಿದೆ.

ಮತ್ತೆ ಕಾದಂಬರಿಗೆ ಬರುವುದಾದರೆ, ಅದರ ನಾಯಕ ಮ್ಯಾಥ್ಯೂ ಪ್ರೈಸ್ ಲಂಡನ್ನಿನಲ್ಲಿ ಆರ್ಥಿಕ ಇತಿಹಾಸದ ಅಧ್ಯಾಪಕ. ವೇಲ್ಸಿನ ಗಣಿ ಕಣಿವೆಗಳಿಗೆ ಜನ ವಲಸೆ ಹೋದ ಬಗೆ ಅವನ ಸಂಶೋಧನೆಯ ವಿಷಯ; ಬರವಣಿಗೆ ಮುಂದೆ ಸಾಗುತ್ತಿಲ್ಲ. ರೈಲ್ವೆಯಲ್ಲಿ ಸಿಗ್ನಲ್‌ಮ್ಯಾನ್ ಆಗಿರುವ ತಂದೆ ಹ್ಯಾರಿ ಕಾಯಿಲೆ ಬಿದ್ದ ಸುದ್ದಿ ಕೇಳಿ ಅವನು ಗ್ಲಿನ್‌ಮೌರ್ ಎಂಬ ಹಳ್ಳಿಗೆ ಮರಳುತ್ತಾನೆ. ಅಲ್ಲಿ ಅವನು ಮ್ಯಾಥ್ಯೂ ಅಲ್ಲ, ವಿಲ್. ಎರಡು ಹೆಸರುಗಳ ನಡುವಿನ ದೂರವೇ ಕಥೆಯ ಒಳಗಿನ ಗಡಿ. ಹೊರಗಿನ ಗಡಿಯೂ ಸಾಮಾನ್ಯದ್ದಲ್ಲ: ವಿಲಿಯಮ್ಸ್ ಹುಟ್ಟಿದ ಮನ್ಮತ್‌ಷೈರ್ ವೇಲ್ಸಿಗೆ ಸೇರಿದ್ದೋ ಇಂಗ್ಲೆಂಡಿಗೆ ಸೇರಿದ್ದೋ ಎಂಬುದನ್ನು ಕಾನೂನು ಬಹುಕಾಲ ಸ್ಪಷ್ಟವಾಗಿ ಹೇಳಲಿಲ್ಲ, ಶಾಸನಗಳು ‘ವೇಲ್ಸ್ ಮತ್ತು ಮನ್ಮತ್‌ಷೈರ್’ ಎಂದು ಬರೆದು ಜಾರಿಕೊಳ್ಳುತ್ತಿದ್ದವು. ಆ ಗೊಂದಲ ತೀರಿದ್ದು 1972ರ ಸ್ಥಳೀಯಾಡಳಿತ ಕಾಯಿದೆಯಿಂದ. ಆದರೆ ಕಾದಂಬರಿ ಈ ವ್ಯಾಜ್ಯವನ್ನು ಮುಂದೆ ತರುವುದಿಲ್ಲ. ಅದರ ಜನ ಯಾವ ರಾಷ್ಟ್ರದ ಅಂಚಿನಲ್ಲಿಯೂ ನಿಂತು ಕಾಯುತ್ತಿಲ್ಲ. 1926ರ ಸಾರ್ವತ್ರಿಕ ಮುಷ್ಕರ, ತೋಟ, ಜೇನುಗೂಡು, ಸಿಗ್ನಲ್ ಪೆಟ್ಟಿಗೆ ಎಲ್ಲವೂ ಅಲ್ಲಿಯೇ, ಆ ಕಣಿವೆಯ ನಟ್ಟನಡುವೆ ನಡೆಯುತ್ತವೆ. ಗಡಿಯೇ ಅಲ್ಲಿ ‘ಕಂಟ್ರಿ’.

ಕಾದಂಬರಿಯ ಕೊರತೆಯನ್ನೂ ಹೇಳಬೇಕು. ಆ ಕಣಿವೆ ಅದಾಗಲೇ ಬಹುಪಾಲು ಇಂಗ್ಲಿಷಾಡುವ ಕಣಿವೆ. ವಿಲಿಯಮ್ಸ್ ಬರೆದದ್ದೂ ಇಂಗ್ಲಿಷಿನಲ್ಲಿ. ನುಡಿಯ ಗಾಯ ಅವರ ಗದ್ಯಕ್ಕೆ ತಟ್ಟುವುದು ಕಡಿಮೆ. ಬೆಳಿಗ್ಗೆ ಒಂದು ಭಾಷೆಯಲ್ಲಿ ಅರ್ಜಿ ಬರೆದು ಸಂಜೆ ಇನ್ನೊಂದರಲ್ಲಿ ಮಾತಾಡುವ ಬದುಕಿಗೆ ಈ ಕೃತಿ ಪೂರ್ತಿ ಕನ್ನಡಿಯಾಗಲಾರದು.

ಕನ್ನಡದ ‘ನಾಡು’ ಹಿಂದೆ ಒಂದೇ ಗಾತ್ರದ್ದಾಗಿರಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಬಣ್ಣಿಸುವ ‘ಕವಿರಾಜಮಾರ್ಗ’ದ ಪದ್ಯ ನಾಡು, ಜನಪದ, ವಿಷಯ ಎಂಬ ಮೂರು ಪದಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತದೆ. ಶಾಸನಗಳಲ್ಲಿ ಒಂದೇ ಅರಸನ ಕೆಳಗೆ ಹತ್ತಾರು ನಾಡುಗಳು ಬರುತ್ತವೆ. ಸುತ್ತಲಿನ ಭಾಷೆಗಳಲ್ಲಿ ಈ ಸಡಿಲ ಇಂದಿಗೂ ಉಳಿದಿದೆ. ಮಲಯಾಳಿ ರಜೆಯಲ್ಲಿ ‘ನಾಟ್ಟಿಲ್’ ಹೋದನೆಂದರೆ ಹುಟ್ಟೂರಿಗೆ ಹೋದನೆಂದರ್ಥ. ತಮಿಳಿನಲ್ಲಿ ಅದೇ ಪದ ದೇಶವನ್ನೂ ಹೇಳಿ, 1969ರಲ್ಲಿ ಮದರಾಸು ರಾಜ್ಯದ ಹೆಸರಿನೊಳಗೂ ಸೇರಿತು. ಸೊಲ್ಲಾಪುರದ ಕನ್ನಡಿಗನಿಗೆ ಗೊತ್ತಿರುವಂತೆ ಮರಾಠಿಯ ‘ದೇಶ’ ಭಾರತವೂ ಹೌದು, ಕೊಂಕಣಕ್ಕೆ ಎದುರಾದ ಘಟ್ಟದ ಮೇಲಿನ ಬಯಲೂ ಹೌದು. ಕನ್ನಡದಲ್ಲಿ ಮಾತ್ರ 1956ರ ಬಳಿಕ ನಾಡಹಬ್ಬ, ನಾಡಗೀತೆ, ನಾಡಧ್ವಜಗಳ ಮೂಲಕ ‘ನಾಡು’ ಹೆಚ್ಚುಕಡಿಮೆ ರಾಜ್ಯಕ್ಕೆ ಪರ್ಯಾಯವಾಯಿತು. ಕುವೆಂಪು ಅವರ ಗೀತೆ ಭಾರತವನ್ನು ತಾಯಿ, ಕರ್ನಾಟಕವನ್ನು ಮಗಳು ಮಾಡಿ ‘ಕಂಟ್ರಿ’ಯ ಎರಡು ಅರ್ಥಗಳ ತೊಡಕನ್ನು ನೆಂಟಸ್ತಿಕೆಯಿಂದ ಬಿಡಿಸುತ್ತದೆ, ಮಗಳ ಮನೆಯ ಬೇಲಿಯಾಚೆ ಉಳಿದವರನ್ನು ಆ ನೆಂಟಸ್ತಿಕೆಯಲ್ಲಿ ಏನೆಂದು ಕರೆಯಬೇಕೆಂಬ ಪ್ರಶ್ನೆ ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳನ್ನು 1949ರಲ್ಲಿ ‘ರಾಷ್ಟ್ರಕವಿ’ ಎಂದದ್ದು ಮದರಾಸು ಸರ್ಕಾರ. ಏಳು ವರ್ಷಗಳಲ್ಲಿ ಅವರ ಮನೆ ಇದ್ದಲ್ಲಿಯೇ ಇದ್ದು ಕೇರಳಕ್ಕೆ ಸೇರಿತು.

ವ್ಯಾಕರಣದ ಪ್ರಕಾರ ‘ಗಡಿನಾಡು’ ಸಮಾಸದ ಮುಖ್ಯ ಪದ ‘ನಾಡು’. ‘ಗಡಿ’ ಅದರ ವಿಶೇಷಣ. ಬಳಕೆಯಲ್ಲಿ ಅದು ತಲೆಕೆಳಗಾಗಿದೆ. ‘ಗಡಿನಾಡು’ ಎಂದಾಗ ಕೇಳುವವರಿಗೆ ಕೇಳಿಸುವುದು ‘ನಾಡಗಡಿ’, ಬೇರೆಲ್ಲೋ ಕೇಂದ್ರವಿರುವ ಒಂದು ನಾಡಿನ ಕೊನೆ. ಅದರ ಜೋಡಿಯಾಗಿ ಬರುವ ‘ಹೊರನಾಡು’ ಇನ್ನೂ ತೊಡಕಿನದು. ಮುಂಬಯಿಗೋ ದೆಹಲಿಗೋ ಹೋಗಿ ನೆಲೆಸಿದವರಿಗೆ ಅದು ಒಪ್ಪುತ್ತದೆ. ಆದೋನಿಯಲ್ಲಿಯೋ ತಾಳವಾಡಿಯಲ್ಲಿಯೋ ತಲೆಮಾರುಗಳಿಂದ ಉಳುತ್ತಿರುವವನು ಯಾವುದರ ಹೊರಗೆ ಹೋದ?

ಸಾಹಿತ್ಯ ವಿಮರ್ಶೆಗೆ ಈ ಪದಗಳು ಮಾಡಿರುವ ಹಾನಿ ಕಯ್ಯಾರ ಕಿಞ್ಞಣ್ಣ ರೈಗಳ ಓದಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮನೆಗೆ ಬೆಂಕಿ ತಗುಲಿದೆಯೆಂದು ಕೂಗಿ ಕರೆಯುವ ಅವರ ಕವಿತೆಯನ್ನು ಕಾಸರಗೋಡಿನ ಚಳವಳಿಯ ಘೋಷಣೆಯಾಗಿ ಉಲ್ಲೇಖಿಸಲಾಗುತ್ತದೆ, ಅಲ್ಲಿಗೆ ಗಡಿನಾಡ ಕವಿಯ ಕೆಲಸ ಮುಗಿಯಿತೆಂಬಂತೆ. ಆ ಕವಿತೆ ಆರಿಸಿಕೊಂಡ ರೂಪಕ ರಾಜ್ಯದ್ದಲ್ಲ, ಮನೆಯದು ಎಂಬುದನ್ನು ಗಮನಿಸಿದವರು ಕಡಿಮೆ. ಮೇಷ್ಟರೂ ಕೃಷಿಕರೂ ಆಗಿದ್ದ ಕಯ್ಯಾರರು ಆತ್ಮಕಥೆಗೆ ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ‘ಕಂಟ್ರಿ’ಯ ಉಳುವ ನೆಲವೆಂಬ ಅರ್ಥ ಅಲ್ಲಿ ದಟ್ಟವಾಗಿದೆ. ಮಹಾಜನ ಆಯೋಗದ 1967ರ ವರದಿಯನ್ನು ಬದಿಗಿಟ್ಟು ಈ ಎರಡನೆಯ ಕಯ್ಯಾರರನ್ನು ಓದಲಾಗದ ವಿಮರ್ಶೆ ವಿಲಿಯಮ್ಸ್ ಟೀಕಿಸಿದ ಇಂಗ್ಲಿಷ್ ಹಳ್ಳಿಕಾವ್ಯದ ಕೆಲಸವನ್ನೇ ಇನ್ನೊಂದು ದಿಕ್ಕಿನಿಂದ ಮಾಡುತ್ತದೆ: ದುಡಿಮೆಯನ್ನು ಅಳಿಸಿ ನಕ್ಷೆಯನ್ನು ಉಳಿಸುತ್ತದೆ.

ಅನುವಾದಕ್ಕೆ ಇನ್ನೊಂದು ಪದವಿದೆ: ‘ಸೀಮೆ’. ಸಂಸ್ಕೃತದಲ್ಲಿ ಅದು ಎಲ್ಲೆ; ಕನ್ನಡಕ್ಕೆ ಬಂದ ಮೇಲೆ ಎಲ್ಲೆಯೊಳಗಿನ ನೆಲವೂ ಆಯಿತು. ಬಯಲುಸೀಮೆ, ಮೈಸೂರು ಸೀಮೆ, ತೆಲುಗಿನಲ್ಲಿ ರಾಯಲಸೀಮೆ. ‘ಬಾರ್ಡರ್’ ಮತ್ತು ‘ಕಂಟ್ರಿ’ ಎರಡನ್ನೂ ಅದು ಒಂದೇ ಉಸಿರಿಗೆ ಹೇಳಬಲ್ಲದು. ರಾಯದುರ್ಗ, ಮಡಕಶಿರಾಗಳ ಓದುಗರಿಗೆ ಅದು ‘ಗಡಿನಾಡಿ’ಗಿಂತ ಹತ್ತಿರದ ಮಾತೂ ಹೌದು. ಆದರೆ ಈ ಪದಕ್ಕೆ ಮೂರನೆಯ ಅರ್ಥವೊಂದು ಅಂಟಿಕೊಂಡಿದೆ: ಕಡಲಾಚೆಯಿಂದ ಬಂದುದು. ನಾಟಿ ಹಸುವಿಗೆ ಎದುರು ಸೀಮೆಹಸು. ಹಾಗೆಯೇ ಸೀಮೆಸುಣ್ಣ, ಸೀಮೆಎಣ್ಣೆ. ಇಲ್ಲಿಯದು, ಎಲ್ಲೆ, ಪರದೇಶದ್ದು ಮೂರೂ ಒಂದೇ ಪದದಲ್ಲಿ ಸೇರಿರುವುದು ವಿಲಿಯಮ್ಸ್‌ಗೆ ಮೆಚ್ಚಿಗೆಯಾಗುತ್ತಿತ್ತೇನೋ. ಅವರ ಕಾದಂಬರಿಗೆ ಆ ಹೆಸರಿಡಲು ಹೊರಟ ಅನುವಾದಕನಿಗೆ ಮಾತ್ರ ಓದುಗನ ಮೂಗಿಗೆ ಮೊದಲು ತಾಗುವ ಸೀಮೆಎಣ್ಣೆಯ ವಾಸನೆಯನ್ನು ಏನು ಮಾಡುವುದೆಂಬ ಸಮಸ್ಯೆ ಇದ್ದೇ ಇದೆ.