ಕುದುರೆ ಬಿಡಿ, ಮುಖ ನೋಡಿ

ಎಪ್ಸಮ್‌ನ ಡರ್ಬಿ ರೇಸು ಮುಗಿಯುವುದಕ್ಕೆ ಮೂರು ನಿಮಿಷವೂ ಬೇಡ. ಅದನ್ನೇ ನೆಚ್ಚಿಕೊಂಡ ಹಾಸ್ಯಚಿತ್ರ ಮಾತ್ರ ಗಂಟೆಗಟ್ಟಲೆ ಓಡಬೇಕು. ಹಾಗಾದರೆ ಉಳಿದ ಹೊತ್ತೆಲ್ಲ ತೆರೆಯ ಮೇಲೆ ಏನು ನಡೆಯುತ್ತದೆ? ಬ್ರಿಟನ್ನಿನ ಮೂಕಿ ಚಿತ್ರಗಳನ್ನು ಸವಿಯಲು ಹೊರಟವರಿಗೆ ಮೊದಲ ಪಾಠ ಈ ಲೆಕ್ಕದಲ್ಲೇ ಇದೆ. ಓಡುವುದು ಕುದುರೆ, ಬೆವರುವುದು ಮನುಷ್ಯ. ನಗೆ ಇರುವುದು ಆ ಬೆವರಿನಲ್ಲಿ.

ರೇಸಿಗೂ ಸಿನಿಮಾಕ್ಕೂ ನಂಟು ಹಳೆಯದು. 1896ರ ಡರ್ಬಿಯಲ್ಲಿ ಯುವರಾಜ ಎಡ್ವರ್ಡನ ಕುದುರೆ ಪರ್ಸಿಮನ್ ಗೆದ್ದಿತು. ರಾಬರ್ಟ್ ಪಾಲ್ ಅದನ್ನು ಚಿತ್ರೀಕರಿಸಿ, ಮರುದಿನ ರಾತ್ರಿಯೇ ಲಂಡನ್ನಿನ ಅಲ್ಹಾಂಬ್ರಾ ಥಿಯೇಟರಿನಲ್ಲಿ ತೋರಿಸಿದ. ಜನ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಆದರೆ ಬರೀ ಓಟ ಸುದ್ದಿಯಾದೀತು, ಕಥೆಯಾಗದು. ಕಥೆ ಬೇಕಾದಾಗ ಕ್ಯಾಮೆರಾ ಓಟದ ಹಾದಿಗೆ ಬೆನ್ನು ತಿರುಗಿಸಿ ಜನರ ಕಡೆ ನೋಡಿತು.

ಕಲಿಯುವುದಕ್ಕೆ ಒಂದು ಚಿತ್ರ ಇಟ್ಟುಕೊಳ್ಳೋಣ: 1922ರ 'ಸ್ಕ್ವಿಬ್ಸ್ ವಿನ್ಸ್ ದ ಕಲ್ಕಟ್ಟಾ ಸ್ವೀಪ್'. ನಿರ್ದೇಶಕ ಜಾರ್ಜ್ ಪಿಯರ್ಸನ್, ಮೇಷ್ಟ್ರ ಕೆಲಸ ಬಿಟ್ಟು ಸಿನಿಮಾಕ್ಕೆ ಬಂದವರು. ನಾಯಕಿ ಬೆಟ್ಟಿ ಬಾಲ್ಫರ್, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಅವಳು ಪಿಕಡಿಲಿ ಸರ್ಕಸ್‌ನಲ್ಲಿ ಹೂ ಮಾರುವ ಬಾಯಿಬಡುಕಿ ಸ್ಕ್ವಿಬ್ಸ್. ಅಪ್ಪ ಸ್ಯಾಮ್ ಹಾಪ್ಕಿನ್ಸ್‌ಗೆ ಬೆಟ್ಟಿಂಗೇ ಲೋಕ. ಅವಳು ಮೆಚ್ಚಿದ ಚಾರ್ಲಿ ಲೀ ಪೊಲೀಸ್ ಕಾನ್‌ಸ್ಟೇಬಲ್.

ಮೊದಲು ಕಾನೂನು ತಿಳಿಯಿರಿ

ಬ್ರಿಟನ್ನಿನಲ್ಲಿ 1906ರ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಬಾಜಿ ಕಟ್ಟಿಸಿಕೊಳ್ಳುವುದು ಅಪರಾಧವಾಗಿತ್ತು. ಉಳ್ಳವನು ಬುಕ್ಕಿಯ ಹತ್ತಿರ ಖಾತೆ ಇಟ್ಟುಕೊಂಡು ಮನೆಯಲ್ಲಿ ಕೂತೇ ಆಡಬಹುದಿತ್ತು. ರೇಸ್‌ಕೋರ್ಸಿಗೆ ಹೋದವನಿಗೂ ಅಡ್ಡಿಯಿರಲಿಲ್ಲ. ಸಿಕ್ಕಿಬೀಳುತ್ತಿದ್ದದ್ದು ಬೀದಿ ಮೂಲೆಯಲ್ಲಿ ಚಿಲ್ಲರೆ ಕಾಸು ಕೈ ಬದಲಾಯಿಸುವ ಬಡವರು. ಹಾಗಾಗಿ ಚೀಟಿ, ದುಡ್ಡು ಒಟ್ಟು ಮಾಡುವವನೊಬ್ಬ, ಪೊಲೀಸ್ ಬಂದಾನೆಂದು ಕಾಯುವವನೊಬ್ಬ. ಬೆಟ್ಟಿಂಗ್ ಅಂಗಡಿಗಳಿಗೆ ಅಲ್ಲಿ ಬಾಗಿಲು ತೆರೆದದ್ದು 1961ರಲ್ಲಿ. ಇಷ್ಟು ಗೊತ್ತಿದ್ದರೆ, ಅಂಥ ಅಪ್ಪನ ಮನೆಗೆ ಕಾನ್‌ಸ್ಟೇಬಲ್ ಅಳಿಯನಾಗಲು ಬರುವುದರಲ್ಲೇ ಅರ್ಧ ನಗೆ ಇದೆ ಎಂಬುದು ಹೊಳೆಯುತ್ತದೆ. ಆಗಿನ ಪ್ರೇಕ್ಷಕರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬಾಜಿ ಬೇರೆ, ಸ್ವೀಪ್ ಬೇರೆ

ಬಾಜಿ ಕಟ್ಟುವವನು ತಾನು ಬುದ್ಧಿವಂತನೆಂದು ನಂಬಿರುತ್ತಾನೆ. ಕುದುರೆಯ ವಂಶ, ಜಾಕಿಯ ತೂಕ, ಯಾರೋ ಕಿವಿಯಲ್ಲಿ ಊದಿದ ಟಿಪ್ಸು ಎಲ್ಲ ಅವನ ಬಾಯಲ್ಲಿ. ಅವನ ಕಥೆಯಲ್ಲಿ ನಗೆ ಬರುವುದು ಜಂಬ ಇಳಿದಾಗ. ಸ್ವೀಪ್‌ನಲ್ಲಿ ಬುದ್ಧಿಗೆ ಕೆಲಸವೇ ಇಲ್ಲ. ಕಲ್ಕತ್ತೆಯ ಟರ್ಫ್ ಕ್ಲಬ್ ಡರ್ಬಿಯ ಹೆಸರಿನಲ್ಲಿ ನಡೆಸುತ್ತಿದ್ದ ಈ ಲಾಟರಿಯ ಟಿಕೆಟಿಗೆ ಹತ್ತು ರೂಪಾಯಿ. ಹೆಸರಿಗೆ ಕ್ಲಬ್ಬಿನ ಸದಸ್ಯರದು, ಟಿಕೆಟು ಮಾತ್ರ ಸದಸ್ಯರ ಮೂಲಕ ದೇಶದೇಶ ಸುತ್ತುತ್ತಿತ್ತು. ಚೀಟಿ ಎತ್ತಿ ಒಂದೊಂದು ಕುದುರೆಗೆ ಒಂದೊಂದು ಟಿಕೆಟು ಜೋಡಿಸುತ್ತಿದ್ದರು, ಮಿಕ್ಕವೆಲ್ಲ ಖಾಲಿ. ಎಪ್ಸಮ್‌ನ ಹುಲ್ಲಿನ ಮೇಲೆ ಓಡಿದ ಕುದುರೆಯ ಹಣ ಕಲ್ಕತ್ತೆಯ ಗಂಟಿನಿಂದ ಲಂಡನ್ನಿನ ಹೂವಾಡಗಿತ್ತಿಯ ಮಡಿಲಿಗೆ ಬೀಳಬಹುದಿತ್ತು. ಇಂಥ ಕಥೆಯಲ್ಲಿ ಗೆದ್ದವರ ಜಾಣತನವನ್ನು ಹುಡುಕಬೇಡಿ. ಅಕ್ಕಪಕ್ಕದವರ ಕಣ್ಣು ನೋಡಿ.

ಕೈ ನೋಡುವುದನ್ನು ಕಲಿಯಿರಿ

ರೇಸ್‌ಕೋರ್ಸಿನ ದೃಶ್ಯ ಬಂದಾಗ, ಎತ್ತರದ ಪೆಟ್ಟಿಗೆಯ ಮೇಲೆ ಬಿಳಿ ಕೈಗವಸು ತೊಟ್ಟು ಮೈ ಕೈ ಮುಟ್ಟಿಕೊಳ್ಳುತ್ತಿರುವವನು ಕಂಡರೆ ಹುಚ್ಚನೆಂದುಕೊಳ್ಳಬೇಡಿ. ಅವನು ಟಿಕ್‌ಟ್ಯಾಕ್ ಮನುಷ್ಯ, ಮೈದಾನದ ಆಚೆ ತುದಿಯ ಬುಕ್ಕಿಗೆ ದರ ತಿಳಿಸುತ್ತಿದ್ದಾನೆ. ಎರಡೂ ಕೈ ತಲೆಯ ಮೇಲಿಟ್ಟರೆ 4ಕ್ಕೆ 9. ತೋಳುಗಳನ್ನು ಎದೆಯ ಮೇಲೆ ಅಡ್ಡ ಹಿಡಿದರೆ 1ಕ್ಕೆ 33. ಮಾತಿಲ್ಲದ ಸಿನಿಮಾಕ್ಕೆ ಮಾತಿಲ್ಲದ ವ್ಯಾಪಾರ ಇದಕ್ಕಿಂತ ಬೇಕೆ?

ಓಟ ಶುರುವಾದಾಗಲೂ ಇದೇ ಅಭ್ಯಾಸ ಇರಲಿ. ಕುದುರೆಗಳನ್ನು ಎರಡು ಸೆಕೆಂಡು ತೋರಿಸಿ ತಟ್ಟನೆ ಒಂದು ಮುಖಕ್ಕೆ ಬರುತ್ತಾರೆ, ಮತ್ತೆ ಕುದುರೆ, ಮತ್ತೆ ಮುಖ. ಮುಖ ಎಷ್ಟು ಹೊತ್ತು ನಿಂತಿತು, ಟೋಪಿ ಹಿಡಿದ ಬೆರಳು ಏನು ಮಾಡುತ್ತಿತ್ತು, ಅದು ನಿಮ್ಮ ಪಾಲಿನ ರೇಸು.

ಅಕ್ಷರವನ್ನು ಕಿವಿಯಿಂದ ಓದಿ

ನಡುನಡುವೆ ಬರುವ ಅಕ್ಷರಫಲಕಗಳನ್ನು ಓದಿ ಮುಗಿಸುವ ಆತುರ ಬೇಡ. ಸ್ಕ್ವಿಬ್ಸ್‌ನಂಥವರ ಮಾತು ಲಂಡನ್ನಿನ ಕಾಕ್ನಿ. ಅವರು 'ಹ'ಕಾರ ನುಂಗುತ್ತಾರೆ, ಫಲಕದಲ್ಲೂ ಆಡಿದ ಹಾಗೆಯೇ ಬರೆಯುವ ರೂಢಿ. ಹಾಲಿಗೆ ಆಲು, ಹಣ್ಣಿಗೆ ಅಣ್ಣು ಎನ್ನುವ ನಮ್ಮ ಹಳೇ ಮೈಸೂರಿನ ಹಳ್ಳಿಗರ ಮಾತು ಕೇಳಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಮನಸ್ಸಿನಲ್ಲೇ ಒಮ್ಮೆ ಉಚ್ಚರಿಸಿ, ಪಾತ್ರದ ದನಿ ಬರುತ್ತದೆ.

ವೇಗ, ಸಂಗೀತ

ಜನ ಗೊಂಬೆಗಳ ಹಾಗೆ ಪಟಪಟ ನಡೆದರೆ ತಪ್ಪು ಚಿತ್ರದ್ದಲ್ಲ. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ನಿಧಾನಕ್ಕೆ ತೆಗೆದದ್ದನ್ನು ಇಂದಿನ ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಓಡಿಸಿದರೆ ನಟನೆ ಹಾಳಾಗುತ್ತದೆ. ಸರಿಯಾದ ವೇಗದ ಪ್ರತಿಯನ್ನೇ ಹುಡುಕಿ. ಸದ್ದು ಪೂರ್ತಿ ಅಡಗಿಸಿಯೂ ನೋಡಬೇಡಿ. ಮೂಕಿ ಚಿತ್ರಕ್ಕೆ ಥಿಯೇಟರಿನಲ್ಲಿ ಪಿಯಾನೋವೋ ವಾದ್ಯಮೇಳವೋ ಇದ್ದೇ ಇರುತ್ತಿತ್ತು.

ಗೆದ್ದ ಮೇಲೆ ಎದ್ದು ಹೋಗಬೇಡಿ

ಗೆಲುವಿಗೇ ಕಥೆ ಮುಗಿಯಿತೆಂದುಕೊಂಡವರು ಪಿಯರ್ಸನ್‌ರ ಕೈಚಳಕ ಕಾಣುವುದಿಲ್ಲ. ಸ್ಕ್ವಿಬ್ಸ್‌ಳ ಸೋದರಿ ಐವಿಯ ಗಂಡ ಕೊಲೆಗಾರ, ತಲೆಮರೆಸಿಕೊಂಡವನು. ಸ್ವೀಪಿನ ದುಡ್ಡು ಎಷ್ಟು ಬಂದರೂ ಆ ಮನೆಯ ಆ ನೋವನ್ನು ಕೊಳ್ಳಲಾರದು. ಈಗಷ್ಟೇ ಹೊಟ್ಟೆ ಹಿಡಿದು ನಗಿಸಿದ ಹುಡುಗಿ ಮರುಗಳಿಗೆ ಗಂಟಲು ಕಟ್ಟಿಸುತ್ತಾಳೆ. ಬೆಟ್ಟಿ ಬಾಲ್ಫರ್ ಬ್ರಿಟನ್ನಿನ ದೊಡ್ಡ ತಾರೆಯಾದದ್ದು ಈ ಎರಡೂ ಬಲ್ಲವಳಾದ್ದರಿಂದ.

ಇಂಥ ಚಿತ್ರಗಳು ಬಹಳಷ್ಟು ಕಳೆದುಹೋಗಿವೆ. ಪಿಯರ್ಸನ್-ಬಾಲ್ಫರ್ ಜೋಡಿಯ 1923ರ 'ಲವ್, ಲೈಫ್ ಆ್ಯಂಡ್ ಲಾಫ್ಟರ್' ಹೋಯಿತೆಂದೇ ಎಣಿಸಿದ್ದರು. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸಿಕ್ಕಿತು. ಎಲ್ಲಾದರೂ ಉತ್ಸವದಲ್ಲಿ ಜೀವಂತ ಸಂಗೀತದೊಂದಿಗೆ ಒಂದು ಮೂಕಿ ಚಿತ್ರ ಹಾಕಿದರೆ ತಪ್ಪದೆ ಹೋಗಿ. ಮೊಬೈಲು ಜೇಬಿನಲ್ಲಿರಲಿ. ಫಲಕ ಓದುವಷ್ಟರಲ್ಲಿ ಕಣ್ಣು ಬೇರೆಡೆ ಹೋದರೆ, ನಗೆ ನಿಮ್ಮನ್ನು ಬಿಟ್ಟು ಮುಂದೆ ಓಡಿರುತ್ತದೆ.