‘ಆಮೇಲೆ’ ಎಂಬ ಮಾತು: ಕ್ಯಾನ್ಸರ್ ಚಿಕಿತ್ಸೆ, ಸಂತಾನ ಮತ್ತು ವೈದ್ಯರ ಕನ್ನಡ

ವೈದ್ಯರ ಮಾತನ್ನು ವಿಮರ್ಶೆಯ ಕಕ್ಷೆಗೆ ತರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಶಬ್ದದ ಆಯ್ಕೆಯಿಂದ ಬಾಳಿನ ಗತಿಯೇ ಬದಲಾಗುವ ಸಂದರ್ಭಗಳು ಇಂಥವಲ್ಲದೆ ಮತ್ತಾವುವು?

ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣನಿಗೋ, ವಿಜಯನಗರದ ಅವಿವಾಹಿತ ತರುಣಿಗೋ ಕ್ಯಾನ್ಸರ್ ಎಂದು ತಿಳಿದಾಗ ಮನೆಯವರೂ ವೈದ್ಯರೂ ಆಡುವ ರೂಢಿಯ ಮಾತೊಂದುಂಟು: “ಮೊದಲು ಜೀವ ಉಳಿಯಲಿ, ಮಕ್ಕಳ ವಿಚಾರ ಆಮೇಲೆ ನೋಡೋಣ.” ಇದರಲ್ಲಿ ಕರುಣೆಯಿದೆ, ಆದರೆ ಸತ್ಯವಿಲ್ಲ. ಸೈಕ್ಲೋಫಾಸ್ಫಮೈಡ್ ವರ್ಗದ ಔಷಧಗಳೂ ಕಿಬ್ಬೊಟ್ಟೆಗೆ ಕೊಡುವ ವಿಕಿರಣ ಚಿಕಿತ್ಸೆಯೂ ಅಂಡಾಶಯದ ಅಂಡಾಣುಗಳನ್ನೂ ಪುರುಷನ ವೀರ್ಯೋತ್ಪತ್ತಿಯನ್ನೂ ಕುಂದಿಸಬಲ್ಲವು. ಕೆಲವರಲ್ಲಿ ಆ ಶಕ್ತಿ ಮರಳುತ್ತದೆ, ಕೆಲವರಲ್ಲಿ ಮರಳುವುದಿಲ್ಲ. ಶೈತ್ಯದಲ್ಲಿರಿಸಿದ ವೀರ್ಯದಿಂದ ಗರ್ಭಧಾರಣೆಯಾದುದು 1953ರಷ್ಟು ಹಿಂದೆಯೇ. ಅದನ್ನು ಸಂಗ್ರಹಿಸಲು ಒಂದೆರಡು ದಿನ ಸಾಕು. ಅಂಡಾಣುಗಳನ್ನು ಪಕ್ವಗೊಳಿಸಿ ತೆಗೆಯಲು ಸುಮಾರು ಎರಡು ವಾರ ಬೇಕು. ಇವೆರಡೂ ಮೊದಲ ಸೂಜಿಗೆ ಮುನ್ನವೇ ಆಗಬೇಕಾದವು. ಆದುದರಿಂದಲೇ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2006ರಲ್ಲಿ, ಚಿಕಿತ್ಸೆಯ ಆರಂಭಕ್ಕೆ ಮೊದಲೇ ಈ ಮಾತನ್ನೆತ್ತಬೇಕೆಂದು ಸೂಚಿಸಿತು. ‘ಆಮೇಲೆ’ ಎಂಬುದು ವ್ಯಾಕರಣದಲ್ಲಿ ಭವಿಷ್ಯವನ್ನು ತೆರೆಯುವ ಪದ; ಇಲ್ಲಿ ಮಾತ್ರ ಅದು ಬಾಗಿಲನ್ನು ಮುಚ್ಚುತ್ತದೆ.

ಪದಗಳ ದಾರಿದ್ರ್ಯವೂ ಇದಕ್ಕೊಂದು ಕಾರಣ. ‘ಬಂಜೆತನ’ವೆಂಬುದು ವೈದ್ಯಶಾಸ್ತ್ರದ ಪದವಾಗುವುದಕ್ಕೆ ಬಹುಕಾಲ ಮೊದಲೇ ಹೆಣ್ಣಿಗೆ ಬೈಗುಳವಾಗಿತ್ತು. ಗಂಡಿಗಂತೂ ಸಂತಾನಶಕ್ತಿಯ ಕೊರತೆಗೂ ಷಂಡತನಕ್ಕೂ ಜನರ ಮಾತಿನಲ್ಲಿ ಭೇದವೇ ಇಲ್ಲ. ಹೀಗಿರುವಾಗ ವೈದ್ಯರು ಇಂಗ್ಲಿಷಿನ ಮರೆಗೆ ಸರಿಯುವುದು ಸಹಜ. ರೋಗಿ ತಲೆಯಾಡಿಸುವುದೂ ಸಹಜ. “ಈ ಔಷಧದಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು, ಅದಕ್ಕೆ ಈಗಲೇ ಮಾಡಬಹುದಾದುದೊಂದಿದೆ” ಎಂದರೆ ಯಾವ ಪಾರಿಭಾಷಿಕ ಪದವೂ ಬೇಕಾಗುವುದಿಲ್ಲ.

ಇಂಥ ತಿಳಿಗನ್ನಡ ನಮಗೆ ಅಪರಿಚಿತವೇನಲ್ಲ. ಸ್ವತಃ ವೈದ್ಯೆಯಾಗಿದ್ದ, ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡ ಅನುಪಮಾ ನಿರಂಜನ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ದೇಹದ ಸಂಗತಿಗಳನ್ನು ಸಂಕೋಚವಿಲ್ಲದೆ ಕನ್ನಡಕ್ಕೆ ತಂದರು. ಅವರ ‘ಮಾಧವಿ’ ಕಾದಂಬರಿಯ ವಸುವೂ ಇಲ್ಲಿ ಸ್ಮರಣೀಯ: ಮಹಾಭಾರತದ ಆ ಕಥೆಯಲ್ಲಿ ಗಾಲವನ 800 ಕುದುರೆಗಳಿಗಾಗಿ ಯಯಾತಿಯ ಮಗಳ ಗರ್ಭವನ್ನು ತಂದೆಯೂ ಋಷಿಯೂ ಅರಸರೂ ಲೆಕ್ಕ ಹಾಕುತ್ತಾರೆ. ಇಂದಿನ ಚಿಕಿತ್ಸಾಲಯದಲ್ಲೂ ವೈದ್ಯರ ದೃಷ್ಟಿ ರೋಗಿಯನ್ನು ದಾಟಿ ಪಕ್ಕದ ಗಂಡನ ಮೇಲೋ ತಾಯಿಯ ಮೇಲೋ ನಿಲ್ಲುವುದುಂಟು. “ಇವರಿಗೆ ಮದುವೆಯಾಗಿದೆಯೆ?” ಎಂಬ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದೊಡನೆ ವಿಷಯವೇ ಮುಗಿಯುತ್ತದೆ. ಮುಂದೆ ಮದುವೆಯಾಗಬೇಕಾದವಳಿಗೇ ಅದು ಹೆಚ್ಚು ಬೇಕಾದ ಮಾತೆಂಬುದು ಯಾರಿಗೂ ಹೊಳೆಯುವುದಿಲ್ಲ.

ಹಣದ ಪ್ರಶ್ನೆಯನ್ನು ಮರೆಯಲಾಗದು. ಅಂಡಾಣು ಸಂರಕ್ಷಣೆಯ ವೆಚ್ಚ ಕೂಲಿಗಾರನ ಮನೆಗೆ ನಿಲುಕುವುದು ಕಷ್ಟ; ವೀರ್ಯದ್ದು ಅಷ್ಟಿಲ್ಲ. ನಿಲುಕದೆಂದು ವೈದ್ಯರೇ ಊಹಿಸಿ ಮೌನವಾದರೆ, ಬೇಡವೆನ್ನುವ ಅವಕಾಶವೂ ಆ ಮನೆಯವರಿಗೆ ಉಳಿಯುವುದಿಲ್ಲ.