ಗಡಿಪಾರಾದ ಕವಿ ಮತ್ತು ನಾಲ್ಕು ಸಾಲು

ಮಾಗೋಡಿನಲ್ಲಿ ಧುಮುಕುವ ಬೇಡ್ತಿ ಘಟ್ಟ ಇಳಿದು, ಗಂಗಾವಳಿ ಅನ್ನಿಸಿಕೊಂಡು ಅಂಕೋಲೆಯ ಕಡಲು ಸೇರುತ್ತದೆ. ನೀರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅಂಕೋಲೆಯ ಕವಿ ದಿನಕರ ದೇಸಾಯಿಯವರು 1940ರಿಂದ 1945ರವರೆಗೆ ಈ ಜಿಲ್ಲೆಯೊಳಗೆ ಕಾಲಿಡುವಂತಿರಲಿಲ್ಲ. ಗೇಣಿದಾರರನ್ನು ಒಟ್ಟುಗೂಡಿಸಿ ಒಡೆಯರ ಎದುರು ನಿಲ್ಲಿಸಿದ್ದೇ ಅಪರಾಧ. ಮಹಾಯುದ್ಧದ ಹೊತ್ತು, ಬ್ರಿಟಿಷ್ ಸರ್ಕಾರ ಗಡಿಪಾರು ಮಾಡಿತು.

ನಮ್ಮ ವಿಮರ್ಶಕರಿಗೆ ಪೋಲೆಂಡಿನ ಚೆಸ್ಲಾವ್ ಮಿಲೋಷ್ ಚೆನ್ನಾಗಿ ಗೊತ್ತು. ನಾಜಿಗಳ ಕೈಲಿದ್ದ ವಾರ್ಸಾದಲ್ಲಿ 1940ರಲ್ಲಿ ಸುಳ್ಳು ಹೆಸರಿಟ್ಟು ಗುಟ್ಟಾಗಿ ಪದ್ಯ ಹೊರತಂದದ್ದು, 1951ರಲ್ಲಿ ಕಮ್ಯುನಿಸ್ಟ್ ಸರ್ಕಾರದ ರಾಯಭಾರ ಕಚೇರಿಯ ಕೆಲಸ ಬಿಟ್ಟು ಪ್ಯಾರಿಸ್ಸಿನಲ್ಲಿ ಆಶ್ರಯ ಕೇಳಿದ್ದು, 1980ರ ನೊಬೆಲ್, ಎಲ್ಲ ಬಾಯಿಪಾಠ. ಇರಲಿ, ದೊಡ್ಡ ಕವಿಯೇ. ಆದರೆ ಅದೇ 1940ರಲ್ಲಿ ತವರಿಗೆ ಹೋಗದಂತಾದ ದೇಸಾಯಿಯವರ ಹೆಸರೆತ್ತಿ ನೋಡಿ: 'ಓಹೋ, ಚುಟುಕದವರಾ?' ಅಂತ ನಗೆ. ದೂರದವನ ಗಡಿಪಾರು ಕಾವ್ಯಕ್ಕೆ ತೂಕ ಕೊಡುತ್ತದೆ. ಹತ್ತಿರದವರದ್ದು ಬರೀ ರಾಜಕೀಯ!

ಚುಟುಕ ಹಗುರ ಅನ್ನುವವರು ಯಾರ ತಕ್ಕಡಿ ಹಿಡಿದಿದ್ದಾರೆ? ನಾಲ್ಕು ಸಾಲು ಅಕ್ಷರ ಬಾರದವನ ನಾಲಗೆಗೂ ಹತ್ತುತ್ತದೆ. ಪುಸ್ತಕ ಕೊಳ್ಳಬೇಕಿಲ್ಲ. ದೇಸಾಯಿಯವರು 1940ರಲ್ಲೇ ಹಡಗಿನ ಕೂಲಿಕಾರರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ತಂದವರು. ಬೇರೆ ಬಾರದೆ ನಾಲ್ಕು ಸಾಲಿಗೆ ನಿಂತವರಲ್ಲ. ಸಾವಿರಾರು ಚುಟುಕಗಳಲ್ಲಿ ಜೊಳ್ಳೂ ಉಂಟು. ಕೆಲವು ಪ್ರಾಸ ಕೂಡಿದ ಕೂಡಲೇ ಮುಗಿದುಹೋಗುತ್ತವೆ, ನಕ್ಕು ಮರೆಯಬಹುದು.

ನನ್ನ ತಕರಾರು ಬೇರೆ ಕಡೆ ಇದೆ. 'ನನ್ನ ದೇಹದ ಬೂದಿ' ಪದ್ಯವನ್ನು ಶಾಲೆಯಲ್ಲಿ ಹಾಡದವರುಂಟೆ? ಸತ್ತ ಮೇಲೂ ಬೆಳೆಯುವ ಮಣ್ಣಿನ ಕೆಲಸಕ್ಕೆ ಬರಬೇಕೆಂಬ ಆಸೆ ಅದು, ದೊಡ್ಡ ಆಸೆ. ಆದರೆ ಆ ಗದ್ದೆ ಯಾರದು ಅಂತ ಪದ್ಯ ಕೇಳುವುದಿಲ್ಲ. ಗೇಣಿದಾರನನ್ನು ಕಂಡ ಕಣ್ಣಿಗೆ ಅವನ ಗದ್ದೆಗೆ ಗೊಬ್ಬರ ಹೊತ್ತ ಆಗೇರ, ಮುಕ್ರಿ ಹೆಂಗಸು ಕಂಡಳೆ? 1974ರ ಕಾಯಿದೆಯಲ್ಲೂ ಹೀಗೇ ಆಯ್ತು. ಗೇಣಿ ಕೊಟ್ಟವನಿಗೆ ಹೊಲ ಬಂತು. ಗೇಣಿಗೂ ಗತಿಯಿಲ್ಲದೆ ಕೂಲಿಗೆ ನಿಂತವರು ಗದ್ದೆಯ ಅಂಚಿನಲ್ಲೇ ಉಳಿದರು. ಇಲ್ಲಿ ಮೇಲೆ ಯಲ್ಲಾಪುರದ ತೋಟಗಳಲ್ಲಿ ದುಡಿದ ಸಿದ್ದಿಯರದ್ದೂ ಅದೇ ಕತೆ.

ದೇಸಾಯಿಯವರು 1982ರಲ್ಲಿ ತೀರಿಕೊಂಡರು. ಅವರು ತಂದ ಶಾಲೆಗಳಲ್ಲಿ ಅಕ್ಷರ ಕಲಿತ ಕೂಲಿಯವರ ಮಕ್ಕಳಿದ್ದಾರೆ. ಆ ಪದ್ಯದಲ್ಲಿ ತಮ್ಮ ಅವ್ವ ಎಲ್ಲಿ ಅಂತ ಅವರೇ ಓದಿ ಹೇಳಬೇಕು.